ಕಳೆದುಹೋದ ಬಾಣ ಹುಡುಕಲು ಯಾವುದು ವಾಸಿ: ಡಿಟೆಕ್ಟರೋ, ಅಯಸ್ಕಾಂತವೋ, ಬರೀ ಕಣ್ಣೋ?

ಹೋದ ನವೆಂಬರ್‌ನಲ್ಲಿ ಒಂದೇ ಸಂಜೆ ನಾಲ್ಕು ಬಾಣ ಕಳೆದುಕೊಂಡೆ. ನಮ್ಮ ಮನೆ ಇರುವುದು ಶಿರಸಿಯಿಂದ ಸ್ವಲ್ಪ ಒಳಗೆ. ತೋಟದ ಮೇಲ್ಗಡೆ ಒಂದು ಬ್ಯಾಣ, ಅಂದರೆ ಹುಲ್ಲುಗಾವಲು ಇದೆ. ಅಲ್ಲೇ ಗುರಿ ಹಲಗೆ ಇಟ್ಟುಕೊಂಡು ಬಿಲ್ಲು ಅಭ್ಯಾಸ ಮಾಡುತ್ತೇನೆ. ಮಳೆಗಾಲ ಮುಗಿದು ಹುಲ್ಲು ಮೊಣಕಾಲಿನ ತನಕ ಎದ್ದಿತ್ತು. ಹಲಗೆಯ ಮೇಲಿಂದ ಹಾರಿದ ಬಾಣ ಹುಲ್ಲಿನೊಳಗೆ ಸರ್ ಅಂತ ಹೋಗಿದ್ದು ಕೇಳಿತು. ಆಮೇಲೆ ಎಂತದೂ ಇಲ್ಲ. ಎರಡು ಗಂಟೆ ಹುಡುಕಿ ಸಿಕ್ಕಿದ್ದು ಒಂದು ಬಾಣ ಮತ್ತು ಕಾಲಿಗೆ ಎರಡು ಉಂಬಳ.

ಆಗ ಶುರುವಾಗಿದ್ದು ಈ ಮೆಟಲ್ ಡಿಟೆಕ್ಟರ್, ಅಂದರೆ ಲೋಹ ಪತ್ತೆ ಮಾಡುವ ಮಷಿನ್ನಿನ ಹುಚ್ಚು. ಆಮೇಲಿನ ತಿಂಗಳುಗಳಲ್ಲಿ ಕೊಂಡದ್ದು, ಕಡ ತಂದದ್ದು, ವಾಪಸ್ ಕೊಟ್ಟದ್ದು ಎಲ್ಲ ಸೇರಿ ಐದಾರು ಬಗೆ ನೋಡಿದೆ. ಶಿರಸಿಯ ಕೆಂಪು ಮಣ್ಣಿನಲ್ಲೂ ನೋಡಿದೆ, ಕಾರವಾರದಲ್ಲಿರುವ ತಂಗಿಯ ಮನೆಗೆ ಹೋದಾಗ ಸಮುದ್ರದ ಮರಳಿನಲ್ಲೂ ನೋಡಿದೆ. ಬಿಲ್ಲು ಹಿಡಿಯುವವರಿಗೆ ಉಪಯೋಗಕ್ಕೆ ಬಂದೀತು ಅಂತ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬಾಣ ಹುಡುಕಲು ಡಿಟೆಕ್ಟರ್ ಬಳಸುವ ಪದ್ಧತಿ ಅಮೆರಿಕದ ಕಡೆಯ ಬೇಟೆಗಾರರದ್ದು. ಅಲ್ಲಿ ಬಿಲ್ಲಿನ ಬೇಟೆಗೆ ಲೈಸೆನ್ಸು, ಸೀಸನ್ನು ಎಲ್ಲ ಇದೆ. ಬ್ಲೇಡ್ ಇರುವ ಬೇಟೆಯ ಮೊನೆ ಕಾಡಿನಲ್ಲಿ ಉಳಿದರೆ ಯಾರದ್ದೋ ಕಾಲು, ಯಾವುದೋ ನಾಯಿಯ ಪಾದ ಸೀಳುತ್ತದೆ. ಅದಕ್ಕೆ ಹುಡುಕಿ ತೆಗೆಯುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಆ ಕಾಯ್ದೆಯಲ್ಲಿ 'ಆಯುಧ' ಅನ್ನುವ ಪಟ್ಟಿಯಲ್ಲಿ ಬಿಲ್ಲು ಬಾಣವೂ ಇದೆ. ಹಾಗಾಗಿ ದಾಂಡೇಲಿ, ಅಣಶಿ ಕಡೆಯ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ 'ಸುಮ್ನೆ ಅಭ್ಯಾಸಕ್ಕೆ' ಅಂತ ಬಿಲ್ಲು ಹಿಡಿದು ಹೋದರೂ ಕಷ್ಟ. ನಾನು ಹೇಳುತ್ತಿರುವುದು ನಮ್ಮದೇ ಜಾಗದಲ್ಲಿ, ಗುರಿ ಹಲಗೆಗೆ ಹೊಡೆದು ತಪ್ಪಿದ ಬಾಣದ ಕತೆ.

ಮೊದಲು ಬಾಣ ನೋಡಿ, ಆಮೇಲೆ ಮಷಿನ್ನು

ಅಂಗಡಿಯವರು ಮಷಿನ್ನಿನ ಆಳ, ಅಗಲ, ಬ್ಯಾಟರಿ ಎಲ್ಲ ಹೇಳುತ್ತಾರೆ. ನಿಮ್ಮ ಬಾಣದಲ್ಲಿ ಲೋಹ ಎಷ್ಟಿದೆ ಅಂತ ಕೇಳುವುದಿಲ್ಲ. ಅಸಲು ವಿಷಯ ಅದೇ.

ಅಲ್ಯೂಮಿನಿಯಂ ಬಾಣವಾದರೆ ನೀವು ಪುಣ್ಯವಂತರು. ಎರಡೂವರೆ ಅಡಿ ಉದ್ದದ ಲೋಹದ ಕೊಳವೆ ಅದು. ಎಂತಾ ಅಗ್ಗದ ಡಿಟೆಕ್ಟರ್ ಆದರೂ ಕೂಗುತ್ತದೆ. ಕಾರ್ಬನ್ ಬಾಣದ ಪಾಡು ಬೇರೆ. ಮುಂದೆ ಒಂದು ಉಕ್ಕಿನ ಮೊನೆ, ಅದನ್ನು ಹಿಡಿದುಕೊಳ್ಳಲು ಒಳಗೊಂದು ಸಣ್ಣ ಅಲ್ಯೂಮಿನಿಯಂ ತುಂಡು, ಅಷ್ಟೇ ಲೋಹ. ಸಾಮಾನ್ಯವಾಗಿ ಹಾಕುವ 100 ಗ್ರೇನ್ ಮೊನೆಯ ತೂಕ ಸುಮಾರು 6.5 ಗ್ರಾಂ. ಅಂದರೆ ನೀವು ಹುಲ್ಲಿನಲ್ಲಿ ಬಾಣ ಹುಡುಕುತ್ತಿಲ್ಲ, ಬೆರಳ ಗೆಣ್ಣಿನಷ್ಟು ದೊಡ್ಡ ಕಬ್ಬಿಣದ ಚೂರು ಹುಡುಕುತ್ತಿದ್ದೀರಿ. ಕಾರ್ಬನ್ ಕೋಲಿಗೂ ಕೆಲವು ಮಷಿನ್ನು ಸಣ್ಣಗೆ ಸ್ಪಂದಿಸುತ್ತದೆ, ಆದರೆ ಅದನ್ನು ನಂಬಿ ಕೂರಬೇಡಿ. ಇಂಡಿಯನ್ ರೌಂಡ್ (ಮರ, ಬಿದಿರಿನ ಬಿಲ್ಲಿನ ನಮ್ಮ ದೇಶದ ಪಂದ್ಯ) ಆಡುವ ಮಕ್ಕಳ ಮರದ ಬಾಣದಲ್ಲೂ ಅಷ್ಟೇ, ಲೋಹ ಇರುವುದು ಮೊನೆಯಲ್ಲಿ ಮಾತ್ರ.

ಇನ್ನೊಂದು ಪರೀಕ್ಷೆ: ಮೊನೆಗೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಮಾಮೂಲಿ ಉಕ್ಕು. ಅಂಟದಿದ್ದರೆ ಸ್ಟೇನ್‌ಲೆಸ್ ಸ್ಟೀಲು ಅಥವಾ ಹಿತ್ತಾಳೆ ಇರಬಹುದು. ಮುಂದೆ ಬರುವ ಅರ್ಧ ಸಲಹೆ ಇದರ ಮೇಲೆ ನಿಂತಿದೆ.

ಆಮೇಲೆ ಮಣ್ಣು

ಇಲ್ಲಿ ನಮ್ಮ ಜಿಲ್ಲೆ ಸ್ವಲ್ಪ ತಕರಾರಿನದ್ದು. ಘಟ್ಟದ ಮೇಲೆ ಜಂಬಿಟ್ಟಿಗೆ ಮಣ್ಣು. ಅದು ಕೆಂಪಾಗಿರುವುದೇ ಕಬ್ಬಿಣದ ಅಂಶದಿಂದ. ಘಟ್ಟದ ಕೆಳಗೆ ಉಪ್ಪುನೀರು ಕುಡಿದ ಮರಳು. ಎರಡೂ ಡಿಟೆಕ್ಟರ್‌ಗೆ ತಲೆನೋವು, ಆದರೆ ಬೇರೆ ಬೇರೆ ನಮೂನೆಯ ತಲೆನೋವು. ಮೊದಲ ಸಲ ಪರಿಚಯದವರ ಹತ್ತಿರ ಒಂದು ಅಗ್ಗದ ಡಿಟೆಕ್ಟರ್ ಕಡ ತಂದು ಬ್ಯಾಣದಲ್ಲಿ ಆನ್ ಮಾಡಿದೆ. ಕೆಳಗೆ ಹಿಡಿದರೆ ಕೂಗು, ಮೇಲೆತ್ತಿದರೆ ಸುಮ್ಮನೆ. ಎಲ್ಲಿ ಹಿಡಿದರೂ ಹಾಗೇ. ಅದು ಬಾಣ ಹುಡುಕುತ್ತಿರಲಿಲ್ಲ, ಗುಡ್ಡವನ್ನೇ ಹುಡುಕುತ್ತಿತ್ತು. ಬೇಲಿಯಾಚೆ ದನ ಹೊಡೆದುಕೊಂಡು ಹೋಗುತ್ತಿದ್ದ ಪಕ್ಕದಮನೆ ಹೆಗಡೇರು ನಿಂತು ಕೇಳಿದರು, "ಎಂತದಾ ತಮಾ, ನಿಧಿ ಸಿಕ್ತಾ?"

ನಗುವ ಮಾತಲ್ಲ ಅದು, ಕೊನೆಗೆ ಮತ್ತೆ ಬರುತ್ತೇನೆ.

ಕಣ್ಣು, ಕೋಲು, ಹಗ್ಗ

ಖರ್ಚಿಲ್ಲ, ಎಲ್ಲರೂ ಮಾಡುತ್ತಾರೆ, ಬಹಳ ಜನ ತಪ್ಪು ಮಾಡುತ್ತಾರೆ. ಬಾಣ ತಪ್ಪಿದ ಕೂಡಲೇ ಓಡಬೇಡಿ. ನಿಂತ ಜಾಗದಿಂದ ಕದಲದೆ ಬಾಣ ಹೋದ ದಿಕ್ಕಿನಲ್ಲಿ ದೂರದ ಒಂದು ಮರವೋ ಕಂಬವೋ ಗುರುತು ಮಾಡಿಕೊಳ್ಳಿ. ಕಾಲ ಬುಡದಲ್ಲಿ ಒಂದು ಗೂಟ ಹೊಡೆಯಿರಿ. ಗೂಟಕ್ಕೂ ಆ ಗುರುತಿಗೂ ನಡುವೆ ಹಗ್ಗ ಕಟ್ಟಿದರೆ ಬಾಣ ಹೆಚ್ಚಾಗಿ ಆ ಗೆರೆಯ ಎರಡೂ ಕಡೆ ಒಂದೊಂದು ಮಾರಿನೊಳಗೇ ಇರುತ್ತದೆ. ಹಲಗೆಯ ಬೆನ್ನಿಗೇ ಹುಡುಕುವುದು ಎಲ್ಲರ ಚಾಳಿ. ಕಾಂಪೌಂಡ್ ಬಿಲ್ಲಿನ (ತುದಿಗಳಲ್ಲಿ ಗಾಲಿ ಇರುವ ಬಿಲ್ಲು) ಬಾಣ ಸೆಕೆಂಡಿಗೆ 80 ಮೀಟರ್ ಆಸುಪಾಸಿನಲ್ಲಿ ಹೋಗುತ್ತದೆ. ಹಲಗೆಯ ಮೇಲಿಂದ ಹಾರಿದ್ದು ಅಲ್ಲೇ ಬೀಳುವುದಿಲ್ಲ, ಬಹಳ ಮುಂದೆ ಹೋಗಿರುತ್ತದೆ. ಗಟ್ಟಿ ಜಂಬಿಟ್ಟಿಗೆಗೆ ತಾಗಿದರೆ ಪುಟಿದು ಓರೆಯಾಗಿ ಹೋಗುವುದೂ ಉಂಟು.

ಬಾಣ ನೆಟ್ಟಗೆ ನಿಂತಿರುತ್ತದೆ ಅನ್ನುವುದೂ ಭ್ರಮೆ. ಬಗ್ಗಿದ ಕೋನದಲ್ಲಿ ಬಂದ ಬಾಣ ಹುಲ್ಲಿನ ಬುಡದಲ್ಲಿ ಹಾವಿನ ಹಾಗೆ ನುಸುಳಿ ಮಲಗುತ್ತದೆ. ಗರಿಯೂ ಕಾಣುವುದಿಲ್ಲ. ಆಗ ಕೈ ಹಾಕಿ ಸವರಬೇಡಿ. ದರಕಿನಡಿ, ಅಂದರೆ ಉದುರಿದ ಒಣ ಎಲೆಯಡಿ, ಕೊಳಕುಮಂಡಲ ಮಲಗಿರುವ ಊರು ನಮ್ಮದು. ಉದ್ದ ಕೋಲಿನಿಂದ ಕೆದಕಿ.

ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಡ್ಡ ಬೆಳಕು ಬಿಡುವುದು ಒಳ್ಳೆಯ ಉಪಾಯ. ನಾನು ಗರಿಯ ಹಿಂದೆ ಬೈಕಿಗೆ ಅಂಟಿಸುವ ಹೊಳೆಯುವ ಟೇಪನ್ನು ಒಂದು ಸುತ್ತು ಸುತ್ತಿದ್ದೇನೆ. ನೇರಳೆ ಬೆಳಕಿನ ಟಾರ್ಚ್, ಅದೇ ನೋಟು ಪರೀಕ್ಷೆ ಮಾಡಲು ಬಳಸುವ ಯುವಿ ಟಾರ್ಚ್ ಬಿಟ್ಟರೆ ಫ್ಲೋರೊಸೆಂಟ್ ಬಣ್ಣದ ಗರಿ ಉರಿಯುವ ಹಾಗೆ ಹೊಳೆಯುತ್ತದೆ. ಚೇಳು ಕೂಡ ಆ ಬೆಳಕಿಗೆ ಹಸಿರುನೀಲಿಯಾಗಿ ಹೊಳೆಯುತ್ತದೆ. ನಮ್ಮ ಬ್ಯಾಣದಲ್ಲಿ ಚೇಳು ಎಷ್ಟಿವೆ ಅಂತ ಆ ರಾತ್ರಿ ಗೊತ್ತಾಯಿತು. ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು.

ಅಯಸ್ಕಾಂತ

ಕೋಲಿನ ತುದಿಗೆ ಬಲವಾದ ನಿಯೋಡೈಮಿಯಂ ಅಯಸ್ಕಾಂತ ಕಟ್ಟಿ ಎಳೆಯುವ ವಿಧಾನ. ಅಗ್ಗ, ಬ್ಯಾಟರಿ ಬೇಡ. ಮಾಮೂಲಿ ಉಕ್ಕಿನ ಮೊನೆಗೆ ಮಾತ್ರ ಆಗುತ್ತದೆ. ಅಲ್ಯೂಮಿನಿಯಂ ಕೊಳವೆಗೆ ಅದು ಕಿವುಡು. ಎಳೆತ ಇರುವುದು ಒಂದೆರಡು ಇಂಚು, ಅಷ್ಟರೊಳಗೆ ಹುಲ್ಲು ಸಿಕ್ಕಿ ದೂರ ತಳ್ಳುತ್ತದೆ. ಬೋಳು ಅಂಗಳ, ಕೊಯ್ಲಾದ ಗದ್ದೆ, ಮೈದಾನಕ್ಕೆ ಸರಿ. ನಮ್ಮ ಕೆಂಪು ಮಣ್ಣಿನ ಸಣ್ಣ ಹರಳುಕಲ್ಲುಗಳೂ ಕೆಲವು ಅಂಟಿಕೊಳ್ಳುತ್ತವೆ. ಕಡಲ ತೀರದಲ್ಲಿ ಅಲೆ ಬಿಟ್ಟುಹೋದ ಕಪ್ಪು ಮರಳಿನ ಗೆರೆಯ ಮೇಲೆ ಎಳೆದರೆ ಮುಳ್ಳುಹಂದಿಯ ಮರಿಯನ್ನು ಎತ್ತಿದ ಹಾಗಾಗುತ್ತದೆ. ತೊಳೆಯುವಷ್ಟರಲ್ಲಿ ಸಾಕುಬೇಕು. ಅಯಸ್ಕಾಂತವನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಎಳೆಯಿರಿ, ಕೊಟ್ಟೆ ಬಿಚ್ಚಿದರೆ ಎಲ್ಲ ಉದುರುತ್ತದೆ.

ಸೆಕ್ಯುರಿಟಿಯವರ ಕೈಕೋಲು

ಮಾಲ್, ದೇವಸ್ಥಾನ, ಬ್ಯಾಂಕಿನ ಬಾಗಿಲಲ್ಲಿ ಮೈ ಸವರುತ್ತಾರಲ್ಲ, ಅದು. ಒಂದೆರಡು ಸಾವಿರಕ್ಕೆ ಸಿಗುತ್ತದೆ ಅಂತ ಬಹಳ ಜನ ಮೊದಲು ಕೊಳ್ಳುವುದು ಇದನ್ನೇ. ಬೇಡ. ಅದು ಗಾಳಿಯಲ್ಲಿ ಬಟ್ಟೆಯ ಮೇಲಿಂದ ಚಾಕು, ಪಿಸ್ತೂಲು ಹುಡುಕಲು ಮಾಡಿದ್ದು. ಮಣ್ಣಿನ ಕಬ್ಬಿಣವನ್ನು ಕಳೆದು ನೋಡುವ ಬುದ್ಧಿ ಅದಕ್ಕೆ ಇಲ್ಲ. ಬಗ್ಗಿ ಬಗ್ಗಿ ಸೊಂಟ ಹೋಗುತ್ತದೆ. ಅಲ್ಯೂಮಿನಿಯಂ ಬಾಣ, ಮರಳು ಒಣಗಿದ ಜಾಗ, ಇವೆರಡೂ ಇದ್ದರೆ ಕೆಲಸ ನಡೆದೀತು.

ಪಿನ್‌ಪಾಯಿಂಟರ್

ಕ್ಯಾರೆಟ್ ಆಕಾರದ ಸಣ್ಣ ಸಾಧನ. ಲೋಹದ ಹತ್ತಿರ ಹೋದಷ್ಟೂ ಜೋರಾಗಿ ಕೂಗುತ್ತದೆ ಅಥವಾ ಕೈಯಲ್ಲಿ ನಡುಗುತ್ತದೆ. ಗ್ಯಾರೆಟ್ ಕಂಪನಿಯ ಪ್ರೊ-ಪಾಯಿಂಟರ್ ಎಟಿ ಅನ್ನುವುದು ಈ ಜಾತಿಯಲ್ಲಿ ಹೆಸರುವಾಸಿ. 20 ಅಡಿ ನೀರಿನ ತನಕ ತಡೆಯುತ್ತದೆ, ಹಾಗಾಗಿ ಕೆಸರು ಗದ್ದೆ, ಮಳೆ ಎಲ್ಲ ನಡೆಯುತ್ತದೆ. ಮೊನೆಯಂಥ ಸಣ್ಣ ಚೂರನ್ನು ಒಂದೆರಡು ಇಂಚಿನಿಂದ ಹಿಡಿಯುತ್ತದೆ. ಬರೀ ಇದನ್ನೇ ಹಿಡಿದು ಬ್ಯಾಣ ಪೂರ್ತಿ ಹುಡುಕಲು ಹೊರಟರೆ ದೀಪಾವಳಿಗೆ ಶುರುಮಾಡಿದ್ದು ಯುಗಾದಿಗೆ ಮುಗಿದೀತು. ಆದರೆ ಹಗ್ಗ ಕಟ್ಟಿ ಜಾಗ ಕಿರಿದು ಮಾಡಿಕೊಂಡಿದ್ದರೆ, 'ಇಲ್ಲೇ ಎಲ್ಲೋ' ಅನ್ನುವ ಮಟ್ಟಕ್ಕೆ ಬಂದಿದ್ದರೆ, ಇದರಷ್ಟು ಚುರುಕು ಬೇರೆ ಇಲ್ಲ. ಧರೆಯ ಮಣ್ಣಿನೊಳಗೆ ಹೊಕ್ಕು ಮುರಿದುಕೊಂಡ ಮೊನೆ ತೆಗೆಯಲು ನನಗೆ ಇದೇ ಬೇಕು. ದುಡ್ಡು ಕಡಿಮೆ ಇರುವವರಿಗೆ ನನ್ನ ಸಲಹೆ: ಹಗ್ಗ, ಕೋಲು ಮತ್ತು ಪಿನ್‌ಪಾಯಿಂಟರ್. ದೊಡ್ಡ ಮಷಿನ್ನು ಆಮೇಲೆ ನೋಡೋಣ.

ಮಾಮೂಲಿ ಹವ್ಯಾಸಿ ಡಿಟೆಕ್ಟರ್

ಉದ್ದ ಕೋಲು, ಕೆಳಗೆ ತಟ್ಟೆಯಂಥ ಕಾಯಿಲ್. ಇವು ವಿಎಲ್‌ಎಫ್ ಜಾತಿ, ಅಂದರೆ ತೀರಾ ಕಡಿಮೆ ಆವರ್ತನದಲ್ಲಿ ಕೆಲಸ ಮಾಡುವಂಥವು. ಕಾಯಿಲ್ ಬಿಡುವ ಕಾಂತೀಯ ಅಲೆ ಲೋಹದಲ್ಲಿ ಸಣ್ಣ ವಿದ್ಯುತ್ ಸುಳಿ ಎಬ್ಬಿಸುತ್ತದೆ. ಆ ಸುಳಿಯ ಮರುದನಿಯನ್ನು ಮಷಿನ್ನು ಕೇಳಿಸಿಕೊಳ್ಳುತ್ತದೆ. ಆವರ್ತನ ಜಾಸ್ತಿ ಇದ್ದಷ್ಟೂ ಸಣ್ಣ ಚೂರಿಗೆ ಒಳ್ಳೆಯದು. ಗ್ಯಾರೆಟ್ ಏಸ್ 300 ಕೆಲಸ ಮಾಡುವುದು 8 ಕಿಲೋಹರ್ಟ್ಸ್‌ನಲ್ಲಿ, ನೋಕ್ಟಾ ಸಿಂಪ್ಲೆಕ್ಸ್ 12ರಲ್ಲಿ, ಗ್ಯಾರೆಟ್ ಎಟಿ ಪ್ರೊ 15ರಲ್ಲಿ.

ಆದರೆ ಘಟ್ಟದ ಮೇಲಿನವರು ಆವರ್ತನಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ನೆಲಕ್ಕೆ ಹೊಂದಿಸಿಕೊಳ್ಳುವ ಸೌಲಭ್ಯ, ಗ್ರೌಂಡ್ ಬ್ಯಾಲೆನ್ಸ್, ಇದೆಯಾ? ಲೋಹ ಇಲ್ಲದ ಜಾಗದಲ್ಲಿ ಕಾಯಿಲನ್ನು ಮೇಲೆ ಕೆಳಗೆ ನಾಲ್ಕಾರು ಸಲ ಆಡಿಸಿದರೆ ಮಷಿನ್ನು ಆ ಮಣ್ಣಿನ ದನಿಯನ್ನು ಕಲಿತುಕೊಂಡು ಕಿವಿಯಿಂದ ಹೊರಗಿಡುತ್ತದೆ. ಏಸ್ 300ರಲ್ಲಿ ಅದು ಕಂಪನಿಯಲ್ಲೇ ಕೂರಿಸಿದ್ದು, ನಾವು ಬದಲಿಸಲಾಗುವುದಿಲ್ಲ. ಸಿಂಪ್ಲೆಕ್ಸ್, ಎಟಿ ಪ್ರೊಗಳಲ್ಲಿ ಹೊಂದಿಸಬಹುದು. ಕಾಯಿಲ್ ಕೂಡ ಡಬಲ್ ಡಿ ಆಕಾರದ್ದು ಇದ್ದರೆ ಜಂಬಿಟ್ಟಿಗೆಯಲ್ಲಿ ಕಿರಿಕಿರಿ ಕಡಿಮೆ. ದೊಡ್ಡ ಕಾಯಿಲ್ ಬೇಗ ಜಾಗ ಮುಗಿಸುತ್ತದೆ, ಸಣ್ಣ ಕಾಯಿಲ್ ಸಣ್ಣ ಮೊನೆಯನ್ನು ಬಿಡುವುದಿಲ್ಲ, ಹುಲ್ಲಿನ ಬುಡದ ನಡುವೆಯೂ ತೂರುತ್ತದೆ. ಅಲ್ಯೂಮಿನಿಯಂ ಬಾಣಕ್ಕೆ ದೊಡ್ಡದು, ಕಾರ್ಬನ್‌ಗೆ ಸಣ್ಣದು.

ಇನ್ನು ಎಲ್ಲರೂ ಮುಗ್ಗರಿಸುವ ಜಾಗ. ಈ ಮಷಿನ್ನುಗಳನ್ನು ಮಾಡಿದ್ದು ನಾಣ್ಯ, ಉಂಗುರ ಹುಡುಕುವವರಿಗೆ. ಅವರಿಗೆ ಮೊಳೆ, ತಗಡು ಬೇಡ. ಹಾಗಾಗಿ ನಾಣ್ಯದ ಮೋಡ್, ಆಭರಣದ ಮೋಡ್‌ಗಳಲ್ಲಿ ಕಬ್ಬಿಣ ಬಂದರೆ ಮಷಿನ್ನು ಬಾಯಿ ಮುಚ್ಚಿಕೊಳ್ಳುತ್ತದೆ. ನಮಗೆ ಬೇಕಾಗಿರುವುದೇ ಕಬ್ಬಿಣ! ನಾನು ಒಂದು ಭಾನುವಾರ ಪೂರ್ತಿ ನಾಣ್ಯದ ಮೋಡ್‌ನಲ್ಲಿ ಬ್ಯಾಣ ಸವರಿದೆ. ಹಳೆಯ ಬ್ಯಾಟರಿಯ ತಳದ ತಗಡೊಂದು ಬಿಟ್ಟರೆ ಮಷಿನ್ನು ಉಸಿರೆತ್ತಲಿಲ್ಲ. 'ಆಲ್ ಮೆಟಲ್' ಮೋಡ್‌ಗೆ ತಿರುಗಿಸಿದ ಹತ್ತು ನಿಮಿಷಕ್ಕೆ ಮೊದಲ ಬಾಣ ಸಿಕ್ಕಿತು. ಬೆಳಿಗ್ಗೆ ಮೂರು ಸಲ ನಡೆದಾಡಿದ್ದ ಜಾಗ ಅದು.

ಕೊಳ್ಳುವ ಮೊದಲು ಸಾಧ್ಯವಾದರೆ ಒಂದು ದಿನ ಕಡ ತಂದು ಹೀಗೆ ಮಾಡಿ. ಬಿಡಿ ಮೊನೆಗೆ ಒಂದು ದಾರ ಕಟ್ಟಿ. ನಿಮ್ಮದೇ ಅಂಗಳದ ಮೂಲೆಯಲ್ಲಿ ಎರಡು, ನಾಲ್ಕು, ಆರು ಇಂಚು ಆಳದ ಮೂರು ಗುಂಡಿ ತೆಗೆದು, ಮೊನೆಯನ್ನು ಒಂದೊಂದರಲ್ಲೂ ಇಳಿಸಿ, ಮಣ್ಣು ಮುಚ್ಚಿ, ಕಾಯಿಲ್ ಆಡಿಸಿ. ದಾರ ಹೊರಗೆ ಇರಲಿ, ಎಳೆದು ತೆಗೆಯಬಹುದು. ನಮ್ಮ ಅಂಗಳದಲ್ಲಿ ನಾಲ್ಕು ಇಂಚಿನ ತನಕ ಸ್ಪಷ್ಟ, ಆರಕ್ಕೆ ಅನುಮಾನ. ಕಂಪನಿಯ ಡಬ್ಬಿಯ ಮೇಲೆ ಬರೆದ ಆಳ ಯಾವುದೋ ದೇಶದ ಮಣ್ಣಿನಲ್ಲಿ ಯಾವುದೋ ದೊಡ್ಡ ನಾಣ್ಯಕ್ಕೆ ಬಂದದ್ದು. ಪರೀಕ್ಷೆ ಮಾಡುವಾಗ ಆಯಿ ಜಗಲಿಯಲ್ಲಿ ಕೂತು ನೋಡುತ್ತಿದ್ದರು. "ಹುಗಿದದ್ದೂ ನೀನೇ, ಹುಡುಕೂದೂ ನೀನೇ" ಅಂದರು. ಇರಲಿ.

ಪಲ್ಸ್ ಇಂಡಕ್ಷನ್ ಮತ್ತು ಬಹು ಆವರ್ತನ

ಘಟ್ಟದ ಮೇಲಿನವರು ಇದನ್ನು ಹಾರಿಸಿಕೊಂಡು ಹೋದರೂ ನಡೆಯುತ್ತದೆ. ಕರಾವಳಿಯವರು ಓದಿ.

ಕಾರವಾರದ ಟಾಗೋರ್ ಕಡಲತೀರದಲ್ಲಿ ಜನ ಇಲ್ಲದ ಬೆಳಗಿನ ಹೊತ್ತು ನನ್ನ ವಿಎಲ್‌ಎಫ್ ಮಷಿನ್ನು ಪರೀಕ್ಷಿಸಿದೆ. (ಬಿಲ್ಲು ಒಯ್ದಿರಲಿಲ್ಲ, ದಾರ ಕಟ್ಟಿದ ಮೊನೆ ಮಾತ್ರ. ಸಾರ್ವಜನಿಕ ತೀರದಲ್ಲಿ ಬಾಣ ಬಿಡುವುದು ಹುಚ್ಚುತನ.) ಒಣ ಮರಳಿನಲ್ಲಿ ಶಿರಸಿಗಿಂತ ಚೆನ್ನಾಗಿ ಕೇಳಿಸಿತು. ಅಲೆ ಬಂದು ಹೋಗುವ ಒದ್ದೆ ಮರಳಿಗೆ ಕಾಲಿಟ್ಟದ್ದೇ ತಡ, ಚಿಟಿಚಿಟಿ ಶುರು. ಉಪ್ಪುನೀರು ವಿದ್ಯುತ್ ಹರಿಸುತ್ತದೆ, ಒಂದೇ ಆವರ್ತನದ ಮಷಿನ್ನಿಗೆ ಅದೂ ಲೋಹದ ಹಾಗೇ ಕಾಣುತ್ತದೆ. ಸೆನ್ಸಿಟಿವಿಟಿ ಇಳಿಸಿದರೆ ಚಿಟಿಚಿಟಿ ನಿಂತಿತು, ಜೊತೆಗೆ ಮೊನೆಯೂ ಕೇಳಿಸದಾಯಿತು.

ಇಂಥ ಜಾಗಕ್ಕೆ ಪಲ್ಸ್ ಇಂಡಕ್ಷನ್ ಸರಿ. ಅದು ಒಂದು ಹೊಡೆತ ಕೊಟ್ಟು ಸುಮ್ಮನಾಗಿ, ಆಮೇಲೆ ಕಿವಿಗೊಡುತ್ತದೆ. ಉಪ್ಪುನೀರಿನ ದನಿ ಬೇಗ ಆರಿಹೋಗುತ್ತದೆ, ಲೋಹದ್ದು ತಡವಾಗಿ. ಕಬ್ಬಿಣ ಬೇರೆ, ಬಂಗಾರ ಬೇರೆ ಅಂತ ಹೇಳುವ ಜಾಣತನ ಇದಕ್ಕೆ ಕಡಿಮೆ ಅಂತ ನಾಣ್ಯದವರು ದೂರುತ್ತಾರೆ. ಬಾಣದವರಿಗೆ ಅದು ದೂರೇ ಅಲ್ಲ. ಮಿನೆಲ್ಯಾಬ್ ವ್ಯಾಂಕ್ವಿಶ್‌ನಂಥ ಬಹು ಆವರ್ತನದ ಮಷಿನ್ನು ನಡುದಾರಿ: ಒದ್ದೆ ಮರಳಲ್ಲೂ ಕೆಂಪು ಮಣ್ಣಲ್ಲೂ ತಕ್ಕಮಟ್ಟಿಗೆ ನಡೆಯುತ್ತದೆ. ಮಾಜಾಳಿ ಹತ್ತಿರದ ತಿಳ್ಮಾತಿಯಲ್ಲಿ ಮರಳು ಎಳ್ಳಿನ ಹಾಗೆ ಕಪ್ಪು, ಹೆಸರೇ ಹೇಳುತ್ತದಲ್ಲ. ಅಂಥ ಕಪ್ಪು ಮರಳಲ್ಲಿ ಮೊದಲು ನೆಲಕ್ಕೆ ಹೊಂದಿಸಿಕೊಂಡೇ ಶುರುಮಾಡಬೇಕು.

ಆದರೂ ನಿಜ ಹೇಳಬೇಕೆಂದರೆ, ಬರೀ ಬಾಣಕ್ಕೋಸ್ಕರ ಪಲ್ಸ್ ಮಷಿನ್ನು ಕೊಳ್ಳುವುದು ಇಲಿ ಹಿಡಿಯಲು ಆನೆ ತಂದ ಹಾಗೆ. ಆ ದುಡ್ಡಿಗೆ ಡಜನ್‌ಗಟ್ಟಲೆ ಬಾಣ ಬರುತ್ತದೆ. ಕ್ಲಬ್ಬಿನವರೋ ಶಾಲೆಯವರೋ ಸೇರಿ ಕೊಂಡರೆ ಬೇರೆ ಮಾತು.

ಆಡಿಸುವ ಕ್ರಮ

ಮೊದಲು ಹುಲ್ಲು ತಗ್ಗಿಸಿ. ಕಾಯಿಲ್ ನೆಲಕ್ಕೆ ಒಂದು ಇಂಚು ಹತ್ತಿರ ಹೋಗದಿದ್ದರೆ ಎಂತಾ ಮಷಿನ್ನೂ ದಂಡ. ಆದರೆ ಹುಲ್ಲು ಕೊಚ್ಚುವ ಮಷಿನ್ನು ಹಾಕಬೇಡಿ, ಬಾಣಕ್ಕೆ ತಾಗಿದರೆ ಕಾರ್ಬನ್ ಸೀಳು ಮುಖಕ್ಕೇ ಬರುತ್ತದೆ. ಕತ್ತಿಯಲ್ಲಿ ಎತ್ತರದಿಂದ ಸವರಿ, ಅಥವಾ ಕಾಲಲ್ಲಿ ಒರಗಿಸಿ. ಹಗ್ಗದ ಗೆರೆಗೆ ಅಡ್ಡಡ್ಡ ಆಡಿಸುತ್ತಾ, ಪ್ರತಿ ಸಲ ಅರ್ಧ ಕಾಯಿಲ್ ಮಾತ್ರ ಮುಂದೆ ಹೋಗಿ. ಅವಸರ ಮಾಡಿದರೆ ಮೊನೆ ತಪ್ಪುತ್ತದೆ. ದನಿ ಬಂದ ಜಾಗದಲ್ಲಿ ಇರುವುದು ಮೊನೆ, ಕೋಲು ನಿಮ್ಮ ಕಡೆಗೇ ಮಲಗಿರುತ್ತದೆ. ಅದರ ಮೇಲೇ ನಿಂತುಕೊಂಡು ಹುಡುಕುವ ಸಂಭವ ಜಾಸ್ತಿ. ನಾನು ಒಂದನ್ನು ಹಾಗೇ ಮುರಿದೆ.

ತೋಟಕ್ಕೆ ಹಂದಿ ಬರದ ಹಾಗೆ ಸೋಲಾರ್ ಬೇಲಿ ಹಾಕಿದ್ದರೆ ಆರಿಸಿ. ಇಲ್ಲದಿದ್ದರೆ ಸೆಕೆಂಡಿಗೊಮ್ಮೆ ಟಿಕ್, ಟಿಕ್ ಅಂತ ಡಿಟೆಕ್ಟರ್ ಗಡಿಯಾರ ಆಗಿಬಿಡುತ್ತದೆ. ಕಾರಣ ಗೊತ್ತಾಗದೆ ನಾನು ಮಷಿನ್ನೇ ಕೆಟ್ಟಿತು ಅಂದುಕೊಂಡಿದ್ದೆ. ಮೊಬೈಲ್ ಮನೆಯಲ್ಲಿಡಿ, ಉಕ್ಕು ಹಾಕಿದ ಬೂಟು ಬೇಡ.

ನಿಧಿಯ ಮಾತು

ಹೆಗಡೇರ ಪ್ರಶ್ನೆಗೆ ಬರೋಣ. ನಮ್ಮ ಕಡೆ ರಾತ್ರಿ ಹೊತ್ತು ಗುಡ್ಡ ಅಗೆಯುವವರ ಕತೆ ಎಲ್ಲರಿಗೂ ಗೊತ್ತು. ಡಿಟೆಕ್ಟರ್ ಹಿಡಿದವನನ್ನು ಊರು ಅದೇ ಕಣ್ಣಲ್ಲಿ ನೋಡುತ್ತದೆ. ಹಗಲಲ್ಲೇ ಹುಡುಕಿ, ಪಕ್ಕದವರಿಗೆ ಮೊದಲೇ ಹೇಳಿ, ಬೇರೆಯವರ ಜಾಗವಾದರೆ ಕೇಳಿಯೇ ಕಾಲಿಡಿ. ಬನವಾಸಿಯ ಮಧುಕೇಶ್ವರ ದೇವಸ್ಥಾನ, ಮಿರ್ಜಾನ್ ಕೋಟೆಯಂಥ ಸಂರಕ್ಷಿತ ಜಾಗಗಳ ಹತ್ತಿರ ಮಷಿನ್ನು ಹೊರಗೇ ತೆಗೆಯಬೇಡಿ. ಕಾರವಾರದಲ್ಲಿ ನೌಕಾನೆಲೆಯ ಆಸುಪಾಸಿಗೂ ಅದೇ ಮಾತು. ಅಕಸ್ಮಾತ್ ಹಳೆಯ ನಾಣ್ಯವೋ ಒಡವೆಯೋ ಸಿಕ್ಕಿತು ಅನ್ನಿ, ಜೇಬಿಗೆ ಹಾಕಬೇಡಿ. ನಿಧಿ ಕಾಯ್ದೆಯ ಪ್ರಕಾರ ಮಣ್ಣಲ್ಲಿ ಅಡಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಕಳೆಯದ ಹಾಗೆ ನೋಡಿಕೊಳ್ಳುವುದು

ಬ್ಯಾಟರಿ ದೀಪದ ನಾಕ್ (ಬಾಣದ ಹಿಂತುದಿಯಲ್ಲಿ ಹೆದೆಗೆ ಸಿಕ್ಕಿಸುವ ತುಂಡು) ಸಿಗುತ್ತದೆ, ಬಿಟ್ಟ ಕೂಡಲೇ ಹೊತ್ತಿಕೊಳ್ಳುತ್ತದೆ. ಸಂಜೆ ಅಭ್ಯಾಸಕ್ಕೆ ಬಹಳ ಚೆನ್ನ, ಪಂದ್ಯದಲ್ಲಿ ಮಾತ್ರ ಬಿಡುವುದಿಲ್ಲ. ಬಾಣ ತಡೆಯುವ ದಪ್ಪ ಬಲೆ ಎಲ್ಲದಕ್ಕಿಂತ ಒಳ್ಳೆಯದು. ತಂಗಿಯ ಗಂಡ ಹಳೇ ಮೀನುಬಲೆ ತಂದುಕೊಟ್ಟರು, "ಭಾವ, ಇದರಲ್ಲಿ ಬಂಗಡೆ ತಪ್ಪಲ್ಲ, ಬಾಣ ತಪ್ತದಾ?" ಅಂತ. ತಪ್ಪಿತು. ಈಗ ಹಲಗೆಯ ಹಿಂದೆ ಹುಲ್ಲು ತುಂಬಿದ ಗೋಣಿಚೀಲಗಳನ್ನು ಎರಡು ಸಾಲು ಪೇರಿಸಿದ್ದೇನೆ, ಮೀನುಬಲೆ ಅದರ ಮೇಲೆ ಹೊದಿಕೆ. ಗೋಣಿ ಪೇರಿಸಿದ ಮೇಲೆ ತಿಂಗಳಿಗೆ ಒಂದು ಬಾಣ ಕಳೆದರೆ ಹೆಚ್ಚು.

ಸಿಕ್ಕ ಬಾಣವನ್ನು ಕೂಡಲೇ ಹೂಡಬೇಡಿ

ಇದು ಡಿಟೆಕ್ಟರ್ ಆಯ್ಕೆಗಿಂತ ಮುಖ್ಯ. ವಾರಗಟ್ಟಲೆ ಮಣ್ಣಲ್ಲಿ ಬಿದ್ದ ಅಲ್ಯೂಮಿನಿಯಂ ಬಾಣವನ್ನು ಸಮತಟ್ಟಾದ ಮೇಜಿನ ಮೇಲೆ ಉರುಳಿಸಿ, ಕುಣಿದರೆ ಬಗ್ಗಿದೆ ಅಂತ. ಕಾರ್ಬನ್ ಬಾಣವನ್ನು ಒರೆಸಿ, ಎರಡು ತುದಿ ಹಿಡಿದು, ಮುಖದಿಂದ ದೂರ ಇಟ್ಟು ಮೆಲ್ಲಗೆ ಬಗ್ಗಿಸಿ. ಸ್ವಲ್ಪ ತಿರುಗಿಸಿ ಮತ್ತೆ ಬಗ್ಗಿಸಿ. ಹೀಗೆ ಒಂದು ಸುತ್ತು. ಚಿರ್ ಅನ್ನುವ ಸಣ್ಣ ಸದ್ದು ಬಂದರೂ ಆ ಬಾಣ ಮುಗಿಯಿತು. ಬಿರುಕು ಬಿಟ್ಟ ಕಾರ್ಬನ್ ಬಿಡುವಾಗ ಸಿಡಿದರೆ ಬಿಲ್ಲು ಹಿಡಿದ ಕೈಗೇ ನೆಡುತ್ತದೆ.

ನವೆಂಬರ್‌ನ ಕೊನೆಯ ಬಾಣ ನನಗೆ ಸಿಕ್ಕಿದ್ದು ಫೆಬ್ರವರಿಯಲ್ಲಿ. ಮೊನೆಗೆ ತುಕ್ಕು, ಗರಿಯ ಸುತ್ತ ಒರಲೆ ಹತ್ತಿದ ಮಣ್ಣು. ಬಗ್ಗಿಸಿದೆ, ಚಿರ್ ಅಂತು. ಕೋಲಿಗೆ ಟೇಪು ಸುತ್ತಿ ಕಸಕ್ಕೆ ಹಾಕಿದೆ, ದನದ ಬಾಯಿಗೆ ಸಿಗದ ಹಾಗೆ. ಮೊನೆ ಬಿಚ್ಚಿ ತುಕ್ಕು ಉಜ್ಜಿ ದಾರ ಕಟ್ಟಿದೆ. ಈಗ ಯಾರಾದರೂ ಹೊಸ ಡಿಟೆಕ್ಟರ್ ತಂದು ತೋರಿಸಿದರೆ ಅಂಗಳದ ಗುಂಡಿಗೆ ಇಳಿಯುವುದು ಅದೇ ಮೊನೆ.